ವಿಲ್ಲಿ ಲೋಮನ್ನನ ಮನೆ

1949ರ ಫೆಬ್ರುವರಿ 10ರಂದು ನ್ಯೂಯಾರ್ಕ್ ನಗರದ ಮೊರಾಸ್ಕೊ ರಂಗಮಂದಿರದಲ್ಲಿ ತೆರೆ ಮೇಲೇಳುವ ಮುನ್ನವೇ ಕೊಳಲಿನ ಕ್ಷೀಣಸ್ವರವೊಂದು ಕೇಳಿಸಿತು. ತೆರೆ ಸರಿದ ಬಳಿಕ, ಮುತ್ತಿಗೆ ಹಾಕಿದ ಸೈನ್ಯದಂತೆ ಸುತ್ತಲೂ ನಿಂತ ಬೃಹತ್ ವಸತಿಸೌಧಗಳ ನಡುವೆ, ಕಂಬತೊಲೆಗಳ ರೇಖೆಗಳಷ್ಟೇ ಉಳಿದಂತಿದ್ದ ಪುಟ್ಟ ಮನೆಯೊಂದು ಪ್ರೇಕ್ಷಕರ ಕಣ್ಣಿಗೆ ಬಿದ್ದಿತು. ಆರ್ಥರ್ ಮಿಲ್ಲರನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ಪ್ರಥಮ ಪ್ರಯೋಗವದು. ಎಲಿಯಾ ಕಜಾನನ ನಿರ್ದೇಶನದಲ್ಲಿ, ಲೀ ಜೆ. ಕಾಬ್ ನಾಯಕ ವಿಲ್ಲಿ ಲೋಮನ್ನನಾಗಿ ಆರಂಭವಾದ ಆ ಪ್ರಯೋಗವು 742 ಪ್ರದರ್ಶನಗಳವರೆಗೆ ನಡೆಯಿತು; ನಾಟಕವು ಪುಲಿಟ್ಜರ್ ಪ್ರಶಸ್ತಿಗೂ ಪಾತ್ರವಾಯಿತು.

ಜೋ ಮೀಲ್ಜಿನರನು ವಿನ್ಯಾಸಗೊಳಿಸಿದ ಆ ಮನೆಯಲ್ಲಿ ಪಾತ್ರಗಳ ಸಂಚಾರಕ್ಕೆ ಒಂದು ಕಟ್ಟುನಿಟ್ಟಾದ ನಿಯಮವುಂಟು. ಕಥೆಯು ವರ್ತಮಾನದಲ್ಲಿರುವಾಗ ನಟರು ಇಲ್ಲದ ಗೋಡೆಗಳನ್ನು ಇವೆಯೆಂದೇ ಭಾವಿಸಿ ಬಾಗಿಲಿನಿಂದ ಮಾತ್ರವೇ ಒಳಹೊಗಬೇಕು. ವಿಲ್ಲಿಯ ಮನಸ್ಸು ಗತಕಾಲಕ್ಕೆ ಜಾರಿದೊಡನೆಯೇ ಅವರು ಆ ಗೋಡೆಗಳನ್ನು ಹಾದು ರಂಗದ ಮುಂಭಾಗಕ್ಕೆ ನಡೆದು ಬರಬಹುದು. ‘ಅವನ ತಲೆಯ ಒಳಗೆ’ ಎಂಬರ್ಥದ ಹೆಸರನ್ನು ಈ ಕೃತಿಗೆ ಮಿಲ್ಲರನು ಮೊದಲು ಯೋಚಿಸಿದ್ದನೆಂಬುದನ್ನು ನೆನೆದರೆ, ನಾಟಕದ ಪ್ರಾಣವೇ ಈ ನಿಯಮದಲ್ಲಿದೆಯೆಂದು ನನಗೆ ತೋರುತ್ತದೆ. ಮೂವತ್ತಾರು ವರ್ಷಗಳ ಸೇವೆಯ ತರುವಾಯ ಸಂಬಳವನ್ನೂ ಕಳೆದುಕೊಂಡು, ನೆರೆಯವನಾದ ಚಾರ್ಲಿಯಿಂದ ವಾರಕ್ಕೆ ಐವತ್ತು ಡಾಲರು ಸಾಲ ತಂದು ಅದನ್ನೇ ಸಂಪಾದನೆಯೆಂದು ಹೆಂಡತಿಯ ಕೈಗಿಡುವ ಈ ಮುದುಕನಿಗೆ ಭೂತಕಾಲವು ಕೇವಲ ಸ್ಮರಣೆಯಾಗಿ ಉಳಿದಿಲ್ಲ. ಅದು ಮನೆಯವರಂತೆಯೇ ಅವನೊಡನೆ ವಾಸಿಸುತ್ತಿದೆ. ಹೆಂಡತಿ ಲಿಂಡಾ ಕುಳಿತು ಹರಿದ ಕಾಲುಚೀಲವನ್ನು ಹೊಲಿಯುತ್ತಿದ್ದರೆ, ಬಾಸ್ಟನ್ನಿನ ಹೋಟೆಲಿನಲ್ಲಿ ಪರಸ್ತ್ರೀಗೆ ತಾನು ಹೊಸ ಕಾಲುಚೀಲಗಳನ್ನು ಕೊಟ್ಟುದು, ಅಲ್ಲಿಗೆ ಹಿರಿಯ ಮಗ ಬಿಫ್ ಬಂದು ಎಲ್ಲವನ್ನೂ ಕಂಡುದು ವಿಲ್ಲಿಯನ್ನು ಇರಿಯುತ್ತದೆ. ಆಕೆಗೆ ಅದಾವುದೂ ತಿಳಿಯದು, ನಮಗೆ ತಿಳಿದಿದೆ. ಒಂದು ಅಲ್ಪವಸ್ತುವಿನಲ್ಲಿ ಇಷ್ಟು ವೇದನೆಯನ್ನು ತುಂಬಿದ ದೃಶ್ಯಗಳು ಆಧುನಿಕ ರಂಗಭೂಮಿಯಲ್ಲಿ ವಿರಳ.

ಊರೂರು ಸುತ್ತಿ ವಿಲ್ಲಿ ಮಾರುತ್ತಿದ್ದುದು ಏನನ್ನು? ಮಿಲ್ಲರನು ಕಡೆಯವರೆಗೂ ಹೇಳುವುದಿಲ್ಲ. ಜನರಿಗೆ ಬೇಕಾದವನಾಗಿರುವುದೇ ಬಾಳಿನ ಸಾರ್ಥಕ್ಯವೆಂದು ನಂಬಿದವನು ಅವನು. ಎಂಬತ್ತನಾಲ್ಕರ ವಯಸ್ಸಿನಲ್ಲಿಯೂ ಹೋಟೆಲಿನ ಕೋಣೆಯಲ್ಲಿ ಕುಳಿತು ದೂರವಾಣಿಯಿಂದಲೇ ವ್ಯಾಪಾರ ನಡೆಸುತ್ತಿದ್ದ, ಸತ್ತಾಗ ನೂರಾರು ಜನರನ್ನು ನೆರೆಯಿಸಿದ ಡೇವ್ ಸಿಂಗಲ್‌ಮನ್ ಎಂಬ ಮಾರಾಟಗಾರನೇ ಅವನ ಆದರ್ಶ. ಇಪ್ಪತ್ತು ಸಾವಿರ ಡಾಲರುಗಳ ವಿಮೆಯ ಹಣ ಬಿಫ್‌ಗೆ ದಕ್ಕಲೆಂದು ಮೋಟಾರು ನಡೆಸಿಕೊಂಡು ಹೋಗಿ ಪ್ರಾಣಬಿಟ್ಟ ವಿಲ್ಲಿಯ ಅಂತ್ಯಸಂಸ್ಕಾರಕ್ಕಾದರೋ ಮನೆಯವರನ್ನೂ ಚಾರ್ಲಿಯನ್ನೂ ಅವನ ಮಗನನ್ನೂ ಬಿಟ್ಟರೆ ಯಾರೂ ಬರುವುದಿಲ್ಲ. ಶೋಕದಲ್ಲಿರುವ ಈ ಕೆಲವರು ಅಡುಗೆಮನೆಯ ಗೋಡೆಯ ರೇಖೆಯನ್ನು ದಾಟಿಕೊಂಡು ರಂಗದ ಮುಂಭಾಗಕ್ಕೆ ಬರುತ್ತಾರೆ. ಅದುವರೆಗೆ ವಿಲ್ಲಿಯ ನೆನಪುಗಳಿಗೆ ಮೀಸಲಾಗಿದ್ದ ನೆಲವೇ ಈಗ ಅವನ ಸಮಾಧಿಯ ನೆಲವಾಗುತ್ತದೆ. ಮನೆಯ ಸಾಲದ ಕೊನೆಯ ಕಂತು ತೀರಿದ್ದೂ ಅದೇ ದಿನ.

ರಾಜನೂ ವೀರನೂ ಅಲ್ಲದ ಇಂಥವನ ಪತನವನ್ನು ರುದ್ರನಾಟಕವೆನ್ನಬಹುದೇ ಎಂದು ವಿಮರ್ಶಕರು ಆಗಲೇ ಕೇಳಿದರು. ಸಾಮಾನ್ಯ ಮನುಷ್ಯನೂ ಅರಸರಷ್ಟೇ ದುರಂತಕ್ಕೆ ಅರ್ಹನೆಂದು ಮಿಲ್ಲರನು ಪ್ರಥಮ ಪ್ರಯೋಗದ ತಿಂಗಳಲ್ಲೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ವಾದಿಸಿದನು. ವಾದವು ಸಮರ್ಥವಾಗಿಯೇ ಇದೆ. ಆದರೂ, ತಂದೆಯು ಹೆಸರುವಾಸಿಯಲ್ಲದಿದ್ದರೂ ಮನುಷ್ಯನೆಂಬ ಕಾರಣಕ್ಕಾಗಿಯೇ ಅವನನ್ನು ಲಕ್ಷಿಸಲೇಬೇಕೆಂದು ಲಿಂಡಾ ತನ್ನ ಮಕ್ಕಳೆದುರು ಪಟ್ಟುಹಿಡಿಯುವ ಆ ಒಂದು ಘಳಿಗೆಯು ಸಾಧಿಸುವುದನ್ನು ಯಾವ ಪ್ರಬಂಧವೂ ಸಾಧಿಸಲಾರದು.

1983ರಲ್ಲಿ ಬೀಜಿಂಗಿನ ಜನಕಲಾ ರಂಗಸಂಸ್ಥೆಯು ಮಿಲ್ಲರನನ್ನೇ ಆಹ್ವಾನಿಸಿ ಈ ನಾಟಕವನ್ನು ಚೀನೀ ಭಾಷೆಯಲ್ಲಿ ಪ್ರಯೋಗಿಸಿತು. ಅನುವಾದಿಸಿದ ಯಿಂಗ್ ರುವೊಚೆಂಗನೇ ವಿಲ್ಲಿಯಾದನು. ಸಂಚಾರಿ ಮಾರಾಟಗಾರನೂ ಜೀವವಿಮೆಯೂ ಅಪರಿಚಿತವಾಗಿದ್ದ ಆ ಸಮಾಜಕ್ಕೆ ಕಥೆ ತಿಳಿದೀತೇ ಎಂಬ ಶಂಕೆಯಿದ್ದರೂ, ಮಗನ ಮೇಲೆ ತನ್ನ ಆಸೆಗಳನ್ನೆಲ್ಲ ಹೇರಿದ ತಂದೆಯ ಪರಿಚಯವನ್ನು ಅಲ್ಲಿಯ ಪ್ರೇಕ್ಷಕರಿಗೆ ಬೇರೆಯಾಗಿ ಮಾಡಿಕೊಡಬೇಕಾಗಲಿಲ್ಲ. ಪಾಶ್ಚಾತ್ಯರಂತೆ ಕಾಣಲು ಹುಸಿಗೂದಲು ಧರಿಸುವ ಅಲ್ಲಿಯ ರೂಢಿಯನ್ನು ಮಿಲ್ಲರನು ಕೈಬಿಡಿಸಿ, ನಟರೆಲ್ಲ ಚೀನೀಯರಾಗಿಯೇ ಅಭಿನಯಿಸಬೇಕೆಂದು ಆಗ್ರಹಪಡಿಸಿದನು.