ಹೆಬ್ಬೆಟ್ಟು ನಿಮ್ಮದು, ಹಕ್ಕೂ ನಿಮ್ಮದೇ



ಬ್ಯಾಂಕಿನಲ್ಲಿ ನಾವು ಲೆಡ್ಜರು ಬರೆಯುತ್ತಿದ್ದ ಕಾಲಕ್ಕೆ ಗಿರಾಕಿಯ ಸಹಿಯ ನಮೂನೆ ಒಂದು ಕಾರ್ಡಿನ ಮೇಲೆ ಇರುತ್ತಿತ್ತು. ಸಹಿ ಬದಲಾದರೆ ಹೊಸ ಕಾರ್ಡು ಬರೆಸಿಕೊಳ್ಳುತ್ತಿದ್ದೆವು. ಒಬ್ಬರ ಖಾತೆಯ ವಿಷಯ ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬುದು ನೌಕರಿಯ ಮೊದಲ ಪಾಠ. ಇಂದು ಸಹಿಯ ಜಾಗಕ್ಕೆ ಹೆಬ್ಬೆಟ್ಟು, ಮುಖ, ಧ್ವನಿ ಬಂದಿವೆ. ಸಹಿಯನ್ನು ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾದೀತೇ?

ಕೃತಕ ಬುದ್ಧಿಮತ್ತೆ ಎಂಬ ಹೊಸ ಯಂತ್ರವಿದ್ಯೆ ಈ ಚಿಂತೆಯನ್ನು ಹೆಚ್ಚಿಸಿದೆ. ಗುಮಾಸ್ತನ ಮುಂದೆ ಒಂದು ಸಲಕ್ಕೆ ಒಂದೇ ಪುಟ ತೆರೆದಿರುತ್ತಿತ್ತು. ಈ ಯಂತ್ರವಾದರೋ ಅಂಗಡಿಯ ಬಿಲ್ಲು, ಔಷಧದ ಚೀಟಿ, ಮೊಬೈಲಿನ ಓಡಾಟ ಎಲ್ಲವನ್ನೂ ಜೋಡಿಸಿ ನಿಮ್ಮ ಗಳಿಕೆ ಎಷ್ಟು, ಕಾಯಿಲೆ ಯಾವುದು ಎಂದು ಊಹಿಸಬಲ್ಲದು. ಸ್ವಲ್ಪ ಧ್ವನಿಮುದ್ರಣ ಸಿಕ್ಕರೆ ನಿಮ್ಮಂತೆಯೇ ಮಾತಾಡಬಲ್ಲದು. ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಹೀಗೆ ಅನುಮತಿಯಿಲ್ಲದೆ ತಯಾರಿಸುವುದಕ್ಕೆ ಮುಂಬೈ ಉಚ್ಚ ನ್ಯಾಯಾಲಯ 2024ರಲ್ಲಿ ತಡೆ ಕೊಟ್ಟಿತು.

ಹಾಗಾದರೆ ಸಾಮಾನ್ಯನಿಗೆ ರಕ್ಷಣೆ ಏನು? ಇಲ್ಲಿ ಒಬ್ಬ ಹಿರಿಯ ಕನ್ನಡಿಗರನ್ನು ನೆನೆಯಬೇಕು. 2010ರಲ್ಲಿ ನಮ್ಮ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿ ಗ್ರಾಮದಲ್ಲಿ ಮೊದಲ ಆಧಾರ ಸಂಖ್ಯೆಗಳನ್ನು ವಿತರಿಸಲಾಯಿತು. 2012ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆಗ ಅವರಿಗೆ ಎಂಬತ್ತಾರು ವರ್ಷ! ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಸರ್ಕಾರ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. 1954ರ ಪೀಠದಲ್ಲಿ ಎಂಟು ನ್ಯಾಯಾಧೀಶರಿದ್ದರು. ಅದಕ್ಕಾಗಿ ಒಂಬತ್ತು ಜನರ ಪೀಠ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಆ ಪೀಠ ಒಮ್ಮತದಿಂದ ತೀರ್ಪಿತ್ತಿತು: ಖಾಸಗಿತನವು ಸಂವಿಧಾನದ 21ನೆಯ ಕಲಮಿನ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆ. 2018ರಲ್ಲಿ ಆಧಾರ ಯೋಜನೆ ಉಳಿಯಿತು. ಸರ್ಕಾರದ ಸಹಾಯಧನಕ್ಕೆ ಅದನ್ನು ಕೇಳಬಹುದೆಂದಾಯಿತು. ಆದರೆ ಬ್ಯಾಂಕ್ ಖಾತೆಗೂ ಮೊಬೈಲಿಗೂ ಜೋಡಿಸಲೇಬೇಕೆಂಬ ಕಡ್ಡಾಯ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿದೆ.

ಈ ತೀರ್ಪಿನ ತರುವಾಯ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯದೆ ಬಂದಿತು. ಅದರಲ್ಲಿ ಗಡಿನಾಡ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ನಿಮ್ಮ ಒಪ್ಪಿಗೆ ಕೇಳುವವರು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಶಿಷ್ಟದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗಿರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ಅಂದಮೇಲೆ ಜತ್ತ ತಾಲೂಕಿನ ರೈತನೂ ಮಿರಜದ ಅಜ್ಜಿಯೂ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿಲ್ಲ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳಲೂ ಬರಬೇಕು. ಈ ಮುಖ್ಯ ಕಲಮುಗಳು ಜಾರಿಯಾಗಲು 2025ರ ನವೆಂಬರಿನಿಂದ ಹದಿನೆಂಟು ತಿಂಗಳ ಅವಧಿ ಗೊತ್ತುಪಡಿಸಿದ್ದಾರೆ.

ಕಾಯದೆ ತಾನಾಗಿಯೇ ಮನೆಗೆ ಬರುವುದಿಲ್ಲ. ಆಧಾರದ ಝೆರಾಕ್ಸ್ ಕೇಳಿದರೆ “ಯಾತಕ್ಕೆ?” ಎಂದು ಕೇಳಿರಿ. ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಸಾಕಾಗುವಲ್ಲಿ ಅದನ್ನೇ ಕೊಡಿರಿ. ಹೆಬ್ಬೆಟ್ಟಿನ ಗುರುತನ್ನು ಆಧಾರ ಪ್ರಾಧಿಕಾರದ ಜಾಲತಾಣದಲ್ಲಿ ಬೀಗ ಹಾಕಿಡಲು ಬರುತ್ತದೆ. ಮನೆಯ ಹುಡುಗರಿಂದ ಮಾಡಿಸಿರಿ. ಮಗನ ಧ್ವನಿಯಲ್ಲಿ ಯಾರೋ ಫೋನು ಮಾಡಿ ಅವಸರದ ಹಣ ಕೇಳಿದರೆ, ಫೋನು ಇಟ್ಟು ಮಗನ ನಂಬರಿಗೆ ನೀವೇ ಮಾಡಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಕೇಳುವುದು ಉದ್ಧಟತನವಲ್ಲ, ಬಂಧುಗಳೇ. ಅದು ಸಂವಿಧಾನ ನಿಮಗೆ ಕೊಟ್ಟ ಮಾತು.