ರಕ್ತ ನಿಲ್ಲಬೇಕು, ಹೆಪ್ಪೂ ಕಟ್ಟಬಾರದು

ತಲೆಗೆ ಪೆಟ್ಟಾಗಿ ಒಳಗೆ ರಕ್ತ ಸೋರಿದೆ ಅಂತ ಐಸಿಯುಗೆ ಸೇರಿಸಿರುತ್ತಾರೆ. ಮೂರನೇ ದಿನ ನರ್ಸ್ ಬಂದು ಹೊಟ್ಟೆಯ ಚರ್ಮಕ್ಕೆ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡುತ್ತಾರೆ. "ರಕ್ತ ಸೋರಿದವರಿಗೆ ಇದನ್ನ ಯಾಕೆ ಕೊಡ್ತಾರೆ?" ಎಂದು ಮನೆಯವರು ಗಾಬರಿಯಾಗುತ್ತಾರೆ. ಊರಿಂದ ಫೋನ್ ಬಂದಾಗ, ಇಲ್ಲಿ ಬ್ರಿಟನ್ನಿನಲ್ಲಿ ಓದುತ್ತಿರುವ ನಮ್ಮನ್ನೂ ಹೀಗೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಮೊದಲ ಕೆಲವು ಗಂಟೆ ದೊಡ್ಡ ಭಯ ರಕ್ತಸ್ರಾವದ್ದು. ತಲೆಬುರುಡೆ ಗಟ್ಟಿ ಡಬ್ಬಿ ಇದ್ದ ಹಾಗೆ. ಒಳಗೆ ಸೋರಿದ ರಕ್ತ ಹೊರಗೆ ಹೋಗಲಾಗದೆ ಮೆದುಳನ್ನೇ ಒತ್ತುತ್ತದೆ. ಸಾಲದ್ದಕ್ಕೆ, ಗಾಯದಲ್ಲಿ ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸತೊಡಗುತ್ತದೆ. ಅದನ್ನು ತಡೆಯುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಇದನ್ನು ಕಂಡುಹಿಡಿದದ್ದು, ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬ ಆಸೆಯಿಂದ. ತಲೆಪೆಟ್ಟಿಗೂ ಇದು ಆಗುತ್ತದೆಯೇ ಎಂದು 29 ದೇಶಗಳ 12,000ಕ್ಕೂ ಹೆಚ್ಚು ಜನರಲ್ಲಿ ನೋಡಿದ ಕ್ರ್ಯಾಶ್-3 ಅಧ್ಯಯನ 2019ರಲ್ಲಿ ಪ್ರಕಟವಾಯಿತು. 3 ಗಂಟೆಯೊಳಗೆ ಕೊಟ್ಟಾಗ, ಸಣ್ಣ ಮತ್ತು ಮಧ್ಯಮ ಪೆಟ್ಟಿನವರಲ್ಲಿ ತಲೆಪೆಟ್ಟಿನ ಸಾವು ಕಡಿಮೆಯಾಯಿತು. ತೀರಾ ಜೋರು ಪೆಟ್ಟಿನವರಲ್ಲಿ ಆ ಲಾಭ ಕಾಣಲಿಲ್ಲ. ಬೇಡದ ಕಡೆ ಹೆಪ್ಪುಗಟ್ಟುವುದೂ ಹೆಚ್ಚಲಿಲ್ಲ.

ಆಮೇಲೆ ಲೆಕ್ಕ ತಿರುಗುತ್ತದೆ. ಪ್ರಜ್ಞೆಯಿಲ್ಲದೆ ಮಲಗಿದವರ ಕಾಲಿನಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ, ಗಾಯಗೊಂಡ ದೇಹವೂ ಹೆಪ್ಪುಗಟ್ಟುವ ಕಡೆಗೇ ವಾಲುತ್ತದೆ. ಕಾಲಿನ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಕಾಲಿಗೆ ಗಾಳಿ ತುಂಬಿ ಒತ್ತಿ ಬಿಡುವ ಪಟ್ಟಿಗಳನ್ನು ಮೊದಲೇ ಸುತ್ತುತ್ತಾರೆ; ಇದರಿಂದ ರಕ್ತ ಸೋರುವ ಭಯವಿಲ್ಲ. ಮರು ಸ್ಕ್ಯಾನ್‌ನಲ್ಲಿ ರಕ್ತ ಹೆಚ್ಚಾಗಿಲ್ಲ ಎಂದು ಕಂಡ ಮೇಲೆ, ಸಾಮಾನ್ಯವಾಗಿ 24ರಿಂದ 72 ಗಂಟೆಯ ನಡುವೆ, ಸಣ್ಣ ಪ್ರಮಾಣದ ಹೆಪಾರಿನ್ ಶುರು. ಮೂರನೇ ದಿನದ ಇಂಜೆಕ್ಷನ್ ಅದೇ. ಬೇಗ ಕೊಟ್ಟರೆ ಮತ್ತೆ ಸೋರಬಹುದು, ತಡವಾದರೆ ಹೆಪ್ಪುಗಟ್ಟಬಹುದು. ಸ್ಕ್ಯಾನ್ ಚಿತ್ರ ನೋಡದೆ ಫೋನಿನಲ್ಲಿ ನಾವು ತೀರ್ಪು ಕೊಡುವಂಥದ್ದಲ್ಲ.

ಫೋನಿನಲ್ಲಿ ನಾವು ಕೇಳಬಹುದಾದದ್ದು ಬೇರೆ ಇದೆ. ಅಪ್ಪಾಜಿಯೋ ಅಜ್ಜಿಯೋ ಮೊದಲಿಂದಲೇ ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರಾ? ಗಡಿಬಿಡಿಯಲ್ಲಿ ಮನೆಯವರು "ಬಿಪಿ ಮಾತ್ರೆ ಅಷ್ಟೇ" ಅಂದುಬಿಡುತ್ತಾರೆ. ಆ ಡಬ್ಬಿಯಲ್ಲೇ ವಾರ್ಫರಿನ್, ಅಸಿಟ್ರೋಮ್, ಕ್ಲೋಪಿಡೋಗ್ರೆಲ್ ಇರಬಹುದು. ವಾರ್ಫರಿನ್ ಅಥವಾ ಅಸಿಟ್ರೋಮ್ ಆದರೆ ವಿಟಮಿನ್ ಕೆ ಮತ್ತು ಹೆಪ್ಪುಗಟ್ಟಿಸುವ ಅಂಶಗಳ ಇಂಜೆಕ್ಷನ್ ಕೊಟ್ಟು ಅದರ ಪರಿಣಾಮ ತಗ್ಗಿಸುತ್ತಾರೆ; ಬೇರೆ ಮಾತ್ರೆಗಳಿಗೆ ದಾರಿ ಬೇರೆ. ಮಾತ್ರೆಯ ಪಟ್ಟಿಯ ಫೋಟೋ ಮತ್ತು ಕೊನೆಯ ಡೋಸ್ ತಗೊಂಡ ಸಮಯ, ಇವೆರಡೂ ತುರ್ತು ಚಿಕಿತ್ಸೆಯ ವೈದ್ಯರ ಕೈಗೆ ಮೊದಲು ಸೇರಬೇಕು. ಡಿಸ್ಚಾರ್ಜ್ ದಿನ ಇನ್ನೊಂದು ಮಾತು ಬರೆಸಿಕೊಳ್ಳಿ: ನಿಲ್ಲಿಸಿದ ಮಾತ್ರೆ ಮತ್ತೆ ಯಾವಾಗ ಶುರು, ಅದನ್ನು ಹೇಳುವವರು ಯಾರು.