ಸಾಸಿವೆ ಡಬ್ಬಿಯ ದುಡ್ಡು

ಈಗ ಸಂತೆಯಲ್ಲಿ ಸೊಪ್ಪಿನ ಬುಟ್ಟಿಯ ಪಕ್ಕದಲ್ಲೂ ಸ್ಕ್ಯಾನ್ ಮಾಡುವ ಚೀಟಿ ಇರುತ್ತದೆ. ಮೊಬೈಲ್ ಹಿಡಿದರೆ ಸಾಕು, ದುಡ್ಡು ಹೋಯ್ತು! ಚಿಲ್ಲರೆ ಜಗಳವಿಲ್ಲ. ಒಳ್ಳೆಯದೇ.

ಆದರೆ ಆ ದುಡ್ಡು ಹೋಗುವುದು ಹೇಗೆ? ನಮ್ಮ ಮೊಬೈಲಿನಲ್ಲಿ ಚಾರ್ಜ್ ಇರಬೇಕು. ನೆಟ್‌ವರ್ಕ್ ಸಿಗಬೇಕು. ನಮ್ಮ ಬ್ಯಾಂಕಿನ ಕಂಪ್ಯೂಟರ್ ನಡೆಯಬೇಕು. ಅಂಗಡಿಯವರ ಬ್ಯಾಂಕಿನದೂ ನಡೆಯಬೇಕು. ಎರಡರ ನಡುವೆ ಲೆಕ್ಕ ಸಾಗಿಸುವ ಯುಪಿಐ ವ್ಯವಸ್ಥೆಯೂ ನಡೆಯಬೇಕು. ಇದು ಸರಪಳಿ ಇದ್ದ ಹಾಗೆ. ಒಂದು ಕೊಂಡಿ ಕಳಚಿದರೆ ಎಲ್ಲಾ ನಿಂತಿತು.

2025ರ ಏಪ್ರಿಲ್ 12ರಂದು ಹೀಗೇ ಆಯಿತು. ದೇಶದ ನಾನಾ ಕಡೆ ಯುಪಿಐ ಕೆಲವು ಗಂಟೆ ಕೈಕೊಟ್ಟಿತು. ಖಾತೆಯಲ್ಲಿ ದುಡ್ಡಿತ್ತು. ಎಷ್ಟೋ ಜನರಿಗೆ ಕೊಡಲು ಆಗಲಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದು, ನಾವು ಔಷಧಿ ಅಂಗಡಿಗೆ ಓಡಿದಾಗ ಹೀಗಾದರೆ?

ನೋಟಿಗೆ ಚಾರ್ಜ್ ಬೇಡ. ಕೊಡುವ ಕೈ, ತಗೊಳ್ಳುವ ಕೈ ಇದ್ದರೆ ಆಯ್ತು. ಅದನ್ನು ನಾವೇ ಓದಲೂಬಹುದು. ನೂರರ ನೋಟಿನ ಹಿಂದೆ ಭಾಷೆಗಳ ಪಟ್ಟಿ ಇದೆ. ನಾಲ್ಕನೇ ಸಾಲು ನೋಡಿ, ಕನ್ನಡ!

ನೋಟಿಗೂ ಕಷ್ಟ ಬಂದದ್ದುಂಟು. 2016ರ ನವೆಂಬರ್ 8ರ ರಾತ್ರಿ 500, 1000ದ ಹಳೇ ನೋಟು ರದ್ದಾದವು. ಎಷ್ಟೋ ಹೆಂಗಸರು ಗಂಡನಿಗೂ ಹೇಳದೆ ಕೂಡಿಟ್ಟದ್ದು ಹೊರಗೆ ಬಂತು. ಆಗಲೂ 100, 50, 10ರ ನೋಟು ನಡೆದವು. ಅದಕ್ಕೇ ಡಬ್ಬಿಯಲ್ಲಿ ಚಿಕ್ಕ ನೋಟುಗಳಿರಲಿ. ತುಂಬಾ ಬೇಡ. ಕಳ್ಳರ ಭಯ, ಬಡ್ಡಿಯೂ ಇಲ್ಲ. ಒಂದು ವಾರದ ಸಾಮಾನು, ಔಷಧಿ, ಆಟೋ ಖರ್ಚಿಗೆ ಆಗುವಷ್ಟು ಸಾಕು. ಉಳಿದದ್ದು ಬ್ಯಾಂಕಿನಲ್ಲೇ ಇರಲಿ.